ನಾಲ್ಕೇ ಬಣ್ಣಗಳ ಚಿತ್ರ

ಚಿತ್ರಕಲಾ ಸ್ಪರ್ಧೆಗೆ ಹೊರಟ ಮಗನಿಗೆ ತಂದೆ 24 ಬಣ್ಣಗಳ ಪೆಟ್ಟಿಗೆ ಕೊಡಿಸುತ್ತಾರೆ. ಮಗ ಅಷ್ಟನ್ನೂ ಬಳಸುತ್ತಾನೆ. ಬೆರೆಸಿದ ಕಡೆಯೆಲ್ಲ ಕೆಸರು. ಉಳಿದೆಡೆ ಒಂದು ಬಣ್ಣಕ್ಕೂ ಇನ್ನೊಂದಕ್ಕೂ ಹೊಂದಿಕೆಯಿಲ್ಲ. ‘ನನಗೆ ಚಿತ್ರ ಬರುವುದಿಲ್ಲ’ ಎಂದು ಹುಡುಗ ಕುಂಚ ಕೆಳಗಿಡುತ್ತಾನೆ. ಪೆಟ್ಟಿಗೆ ಚಿಕ್ಕದಾಗಿದ್ದರೆ ಅವನ ಕೆಲಸ ಸುಲಭವಾಗುತ್ತಿತ್ತು.

ಸ್ವೀಡನ್ನಿನ ಆಂಡರ್ಸ್ ಜೋರ್ನ್ (1860–1920) ಹೆಸರಾಂತ ಭಾವಚಿತ್ರಕಾರ. ಅವರ ಅನೇಕ ಚಿತ್ರಗಳು ಮುಖ್ಯವಾಗಿ ನಾಲ್ಕು ಬಣ್ಣಗಳಿಂದ ಆದವು: ಬಿಳಿ, ಕಪ್ಪು, ಯೆಲ್ಲೋ ಓಕರ್ ಎಂಬ ಹಳದಿ ಮಣ್ಣು ಮತ್ತು ಇಂಗಳೀಕದ ಕೆಂಪು. 1896ರ ಸ್ವಂತ ಭಾವಚಿತ್ರದಲ್ಲಿ ಅವರು ಹಿಡಿದಿರುವ ಹಲಗೆಯ ಮೇಲೂ ಇವೇ ಕಾಣುತ್ತವೆ.

ನೀಲಿ, ಹಸಿರು ಎಲ್ಲಿಂದ ಬಂದವು? ಕಪ್ಪಿಗೆ ಹಳದಿ ಬೆರೆಸಿದರೆ ಮಾಸಲು ಹಸಿರಾಗುತ್ತದೆ. ಕಪ್ಪು–ಬಿಳಿ ಬೆರೆತ ಬೂದುಬಣ್ಣವನ್ನು ಕಿತ್ತಳೆಯ ಮಗ್ಗುಲಲ್ಲಿಟ್ಟರೆ ಅದು ನೀಲಿಯಂತೆ ತೋರುತ್ತದೆ. ಇದರ ಗುಟ್ಟು ತಿಳಿದದ್ದು ನೇಯ್ಗೆಯ ಕಾರ್ಖಾನೆಯೊಂದರಲ್ಲಿ. ಪ್ಯಾರಿಸ್ಸಿನ ಗೊಬೆಲಿನ್ ಕಾರ್ಖಾನೆಯ ಕಪ್ಪು ನೂಲು ಮಂಕಾಗಿದೆಯೆಂಬ ದೂರು ಬಂದಾಗ ರಸಾಯನವಿಜ್ಞಾನಿ ಷೆವ್ರಲ್ ಪರೀಕ್ಷಿಸಿದರು. ನೂಲಿನ ಬಣ್ಣ ಚೆನ್ನಾಗಿಯೇ ಇತ್ತು. ಪಕ್ಕದ ಬಣ್ಣಗಳಿಂದಾಗಿ ಅದು ಮಂಕಾಗಿ ಕಾಣುತ್ತಿತ್ತು. ಈ ನಿಯಮವನ್ನು ಅವರು 1839ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಇನ್ನು ಕೆಸರಿನ ಮಾತು. ಪ್ರತಿ ಬಣ್ಣದ ಪುಡಿಯೂ ಬೆಳಕಿನ ಒಂದಷ್ಟು ಭಾಗವನ್ನು ಹೀರಿ ಉಳಿದುದನ್ನು ಹಿಂದಿರುಗಿಸುತ್ತದೆ. ಬೇರೆಬೇರೆ ಬಗೆಯ ಪುಡಿಗಳು ಹೆಚ್ಚು ಬೆರೆತಷ್ಟೂ ಹಿಂದಿರುಗುವ ಬೆಳಕು ಕಡಿಮೆ. ಉಳಿಯುವುದು ಮಂಕು ಕಂದು. ಬಣ್ಣಗಳು ನಾಲ್ಕೇ ಇದ್ದಾಗ ಒಂದೊಂದು ಮಿಶ್ರಣದಲ್ಲೂ ಅವೇ ಮತ್ತೆ ಮತ್ತೆ ಸೇರಿರುತ್ತವೆ. ಒಂದೇ ಮನೆಯ ಮಕ್ಕಳಲ್ಲಿ ಹೋಲಿಕೆ ಇರುವಂತೆ ಆ ಛಾಯೆಗಳು ಹೊಂದಿಕೊಳ್ಳುತ್ತವೆ.

ಮನೆಯಲ್ಲೇ ಪರೀಕ್ಷಿಸಬಹುದು. ಶಾಲೆಯ ಜಲವರ್ಣದ ಪೆಟ್ಟಿಗೆಯಿಂದ ಓಕರ್, ಕೆಂಪು, ಕಪ್ಪು ಮಾತ್ರ ತೆಗೆದುಕೊಳ್ಳಿ. ಬಿಳಿಯ ಕೆಲಸವನ್ನು ಕಾಗದವೇ ಮಾಡುತ್ತದೆ. ಮೊದಲು ಎರಡೆರಡನ್ನು ಬೇರೆಬೇರೆ ಪ್ರಮಾಣದಲ್ಲಿ ಬೆರೆಸಿ ಸಣ್ಣ ಚೌಕಗಳನ್ನು ತುಂಬಿ. ಬಳಿಕ ಮಣ್ಣಿನ ಮಡಕೆಯೊಂದನ್ನೋ ಅಜ್ಜಿಯ ಮುಖವನ್ನೋ ಬರೆಯಿರಿ. ಜೋರ್ನ್ ಕಾಲದ ಬಿಳಿಯಲ್ಲಿ ಸೀಸ, ಇಂಗಳೀಕದಲ್ಲಿ ಪಾದರಸ ಇತ್ತು, ಎರಡೂ ವಿಷ. ಮಕ್ಕಳಿಗೆ ಶಾಲೆಯ ಬಣ್ಣಗಳೇ ಸರಿ.

ಈ ವಿಧಾನಕ್ಕೂ ಮಿತಿಯಿದೆ. ನವಿಲಿನ ಕತ್ತು, ಭತ್ತದ ಎಳೆಯ ಪೈರು ಇದರಲ್ಲಿ ಮೂಡುವುದಿಲ್ಲ. ಆಗ ಒಂದು ನೀಲಿಯನ್ನೋ ಹಸಿರನ್ನೋ ಸೇರಿಸಿಕೊಂಡರಾಯಿತು. ದೊಡ್ಡ ಪೆಟ್ಟಿಗೆ ಕೊಡಿಸಲಾಗಲಿಲ್ಲವೆಂದು ಕೊರಗುವ ತಂದೆತಾಯಿಯರು ನೆಮ್ಮದಿಯಿಂದಿರಬಹುದು. ಮಗು ಕಲಿಯಲು ಮೂರು ಬಿಲ್ಲೆ ಬಣ್ಣ, ಒಂದು ಕುಂಚ, ಒಂದು ಲೋಟ ನೀರು ಸಾಕು.