ಕಾಪಿ ಆಯಿತು, ಕನ್ನಡ ಬರಲಿಲ್ಲ

ಕಳೆದ ಮಳೆಗಾಲದ ಒಂದು ಭಾನುವಾರ. ಪುಣೆಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಐದು ನಿಮಿಷದ ಕೆಲಸ ಎಂದುಕೊಂಡಿದ್ದೆ. ಶಿರಸಿಯಲ್ಲಿರುವ ಅತ್ತೆ ಫೋನ್ ಮಾಡಿ, "ನಿನ್ನಪ್ಪ ನಮ್ಮ ಅಮ್ಮನ ಬಗ್ಗೆ ಬರ್ದಿದ್ದಾನಂತಲ್ಲೋ, ಅದನ್ನ ವಾಟ್ಸಾಪಲ್ಲಿ ಕಳ್ಸು" ಎಂದಿದ್ದರು.

ಅಪ್ಪ ಸಾಗರದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ಕಂಪ್ಯೂಟರ್ ಕಲಿತು, ಒಂದೊಂದೇ ಬೆರಳಲ್ಲಿ ಟೈಪ್ ಮಾಡುತ್ತಾ ನಮ್ಮ ಊರಿನ ಕಥೆ ಬರೆದಿಟ್ಟಿದ್ದರು. ತೋಟ, ಗದ್ದೆ, ಮನೆಗೆ ಬಂದುಹೋದವರು, ಕೆಲಸಕ್ಕೆ ಬರುತ್ತಿದ್ದವರು, ಅಜ್ಜಿ. ಒಟ್ಟು ಹನ್ನೊಂದು ಫೈಲು, ಸುಮಾರು 140 ಪುಟ. ಆ ಕಂಪ್ಯೂಟರ್ ಯಾವತ್ತೋ ಗುಜರಿಗೆ ಹೋಯಿತು. ಉಳಿದದ್ದು ಒಂದು ಪೆನ್ ಡ್ರೈವ್. ಅಪ್ಪನಿಗೀಗ ಗ್ಲಾಕೋಮಾ. ಮನೆಯೊಳಗೆ ಓಡಾಡುವಷ್ಟು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.

ಫೈಲು ತೆರೆದೆ. ಅಜ್ಜಿಯ ಭಾಗವನ್ನು ಆರಿಸಿ ಕಂಟ್ರೋಲ್-ಸಿ ಒತ್ತಿದೆ. ವಾಟ್ಸಾಪಿಗೆ ಬಂದು ಕಂಟ್ರೋಲ್-ವಿ ಒತ್ತಿ, ಸರಿಯಾಗಿ ನೋಡದೆ ಕಳಿಸಿಬಿಟ್ಟೆ. ಎರಡು ನಿಮಿಷದಲ್ಲಿ ಅತ್ತೆಯ ಉತ್ತರ ಬಂತು: "ಇದೆಂತ ಭಾಷೆ ಮಾರಾಯ?"

ನೋಡಿದರೆ ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಗೀಟು ಹೊತ್ತ ಫ್ರೆಂಚ್ ಅಕ್ಷರಗಳು, ನಡುನಡುವೆ ಪೌಂಡ್ ಚಿಹ್ನೆ. ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವ ನನಗೆ ಕಾರಣ ಗೊತ್ತಿತ್ತು. ಆದರೆ ಅದು ನಮ್ಮ ಮನೆಯ ಮಾತಾಗುವವರೆಗೆ ಅದರ ಬಿಸಿ ತಟ್ಟಿರಲಿಲ್ಲ.

ಕತ್ತರಿ, ಗೋಂದು, ಟೆಸ್ಲರ್

ಕಾಪಿ-ಪೇಸ್ಟ್ ಎನ್ನುವುದು ಕಂಪ್ಯೂಟರಿನೊಂದಿಗೇ ಹುಟ್ಟಿದ್ದಲ್ಲ. ಅಚ್ಚುಮನೆ, ಪತ್ರಿಕಾ ಕಚೇರಿಗಳಲ್ಲಿ ಸಂಪಾದಕರು ಟೈಪಾದ ಹಾಳೆಯನ್ನು ನಿಜವಾಗಿಯೂ ಕತ್ತರಿಸಿ, ಬೇರೆ ಕಡೆ ಗೋಂದು ಹಚ್ಚಿ ಅಂಟಿಸುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಇಬ್ಬರೂ ಪಠ್ಯಪುಸ್ತಕ ಪ್ರಕಾಶಕರಿಗಾಗಿ 'ಜಿಪ್ಸಿ' ಎಂಬ ಬರವಣಿಗೆಯ ತಂತ್ರಾಂಶ ಮಾಡಿದರು. ಆ ಕತ್ತರಿ-ಗೋಂದಿನ ಕೆಲಸವನ್ನೇ ಅದರಲ್ಲಿ ಪರದೆಗೆ ತಂದರು. ಮುಂದೆ ಟೆಸ್ಲರ್ ಆಪಲ್ ಸೇರಿದರು. 1983ರ ಲೀಸಾ, 1984ರ ಮ್ಯಾಕಿಂಟಾಷ್ ಕಂಪ್ಯೂಟರುಗಳ ಮೂಲಕ ಎಕ್ಸ್, ಸಿ, ವಿ ಎಂಬ ಅಕ್ಕಪಕ್ಕದ ಮೂರು ಕೀಲಿಗಳು ಜಗತ್ತಿಗೆಲ್ಲ ಅಭ್ಯಾಸವಾದವು. ಟೆಸ್ಲರ್ 2020ರ ಫೆಬ್ರವರಿಯಲ್ಲಿ ತೀರಿಕೊಂಡರು.

ನಮಗೆ ಈಗ ಇದು ಉಸಿರಾಟದಷ್ಟು ಸಹಜ. ಆದರೂ 2007ರಲ್ಲಿ ಬಂದ ಮೊದಲ ಐಫೋನಿನಲ್ಲಿ ಕಾಪಿ-ಪೇಸ್ಟ್ ಇರಲಿಲ್ಲ ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. ಅದು ಬಂದದ್ದು 2009ರಲ್ಲಿ.

ಕಾಪಿಯಾಗುವುದು ಚಿತ್ರವಲ್ಲ, ಸಂಖ್ಯೆ

ಪರದೆಯ ಮೇಲೆ ಕಾಣುವ ಅಕ್ಷರವೇ ಕಾಪಿಯಾಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಆ ಸಂಖ್ಯೆಗೆ ಯಾವ ಆಕಾರ ಬರೆಯಬೇಕು ಎಂದು ಹೇಳುವುದು ಫಾಂಟ್. ಕಾಪಿ ಮಾಡಿದಾಗ ಹೋಗುವುದು ಸಂಖ್ಯೆ. ಫಾಂಟಿನ ಹೆಸರು ಜೊತೆಗೆ ಹೋದರೂ ಹೋಗಬಹುದು, ಆದರೆ ಫಾಂಟ್ ಹೋಗುವುದಿಲ್ಲ.

1990ರ ದಶಕದಲ್ಲಿ ನಮ್ಮ ಸಾಮಾನ್ಯ ಕಂಪ್ಯೂಟರುಗಳಿಗೆ ಕನ್ನಡ ಗೊತ್ತಿರಲಿಲ್ಲ. ಫಾಂಟೊಂದರಲ್ಲಿ ಇದ್ದದ್ದು ಸುಮಾರು ಇನ್ನೂರೈವತ್ತು ಮನೆಗಳು, ಅವೂ ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಹೆಸರಲ್ಲಿ. ಆಗ ನಮ್ಮವರು ಒಂದು ಉಪಾಯ ಮಾಡಿದರು. ಆ ಮನೆಗಳಲ್ಲಿ ಇಂಗ್ಲಿಷ್ ಅಕ್ಷರದ ಬದಲು ಕನ್ನಡದ ತುಂಡುಗಳನ್ನು ಬರೆದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿ, ನನ್ನ ಅಪ್ಪನಂಥ ಮೇಷ್ಟ್ರುಗಳವರೆಗೆ ಕನ್ನಡ ಟೈಪಿಂಗ್ ತಲುಪಿದ್ದು ಇವುಗಳಿಂದ. ಆ ಋಣ ದೊಡ್ಡದು.

ಆದರೆ ಒಳಗೆ ಏನು ಉಳಿಯಿತು ನೋಡಿ. ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದರೆ ಫೈಲಿನಲ್ಲಿ ಉಳಿಯುವುದು ಏಳು ಚಿಹ್ನೆ: ಇಂಗ್ಲಿಷಿನ ಪಿ, ಗೀಟು ಹೊತ್ತ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಕ್ಯೂ, ಮತ್ತೆ ಅದೇ ಎ. ಪಿ ಎಂದರೆ ತಲೆಕಟ್ಟಿಲ್ಲದ ಕ. ಗೀಟು ಹೊತ್ತ ಎ ಎಂದರೆ ತಲೆಕಟ್ಟು. ಜರ್ಮನ್ ಅಕ್ಷರ ಎಂದರೆ ನ ಒತ್ತು. ನುಡಿ ಫಾಂಟ್ ಇರುವಲ್ಲಿ ಇವೆಲ್ಲ ಸೇರಿ 'ಕನ್ನಡ'ವಾಗಿ ಕಾಣುತ್ತವೆ. ಫಾಂಟ್ ಇಲ್ಲದ ವಾಟ್ಸಾಪಿನಲ್ಲಿ ನಿಜರೂಪ ಹೊರಬೀಳುತ್ತದೆ. ಅತ್ತೆ ನೋಡಿದ್ದು ಅದನ್ನೇ.

ಯೂನಿಕೋಡ್ ಇದಕ್ಕೆ ಸರಿಯಾದ ಪರಿಹಾರ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತು. ಅಲ್ಲಿ 'ಕ' ಎಂದರೆ 3221, ಯಾವ ಫಾಂಟಾದರೂ, ಯಾವ ಫೋನಾದರೂ. ಆದರೆ ವಿಂಡೋಸ್‌ನಲ್ಲಿ ಕನ್ನಡ ಯೂನಿಕೋಡ್ ಬಂದದ್ದು 2001ರ ಎಕ್ಸ್‌ಪಿಯ ಹೊತ್ತಿಗೆ. ಅಷ್ಟರಲ್ಲಿ ಜನರ ಕೈ ಹಳೆಯದಕ್ಕೆ ಕೂತಿತ್ತು. ಆಮೇಲೂ ವರ್ಷಗಟ್ಟಲೆ ಹಾಗೆಯೇ ಬರೆದರು.

ಪಾರ್ವತಿ 'ಪಾವರ್ತಿ'ಯಾದಳು

ಹಳೆಯ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ. ಉಚಿತವಾಗಿ ಸಿಗುವವೂ ಇವೆ. ಒಂದನ್ನು ಹಿಡಿದು ಅಜ್ಜಿಯ ಭಾಗವನ್ನು ಅದರಲ್ಲಿ ಹಾಕಿದೆ. ಕ್ಷಣದಲ್ಲಿ ಕನ್ನಡ ಬಂತು. ಆದರೆ ಮೊದಲ ಸಾಲಿನಲ್ಲೇ ಅಜ್ಜಿಯ ಹೆಸರು 'ಪಾವರ್ತಿ' ಎಂದಾಗಿತ್ತು.

ಇದು ನೀವೂ ನೋಡಿರುವ ಕಾಯಿಲೆ. ಜಾಲತಾಣಗಳಲ್ಲಿ 'ಕನಾರ್ಟಕ', 'ವಷರ್', 'ಸೂಯರ್' ಎಂದು ಓದಿ ನಕ್ಕಿರುತ್ತೀರಿ. ಬರೆದವರಿಗೆ ಕನ್ನಡ ಬಾರದೆ ಆದದ್ದೇನೂ ಅಲ್ಲ. ಅರ್ಕಾವೊತ್ತನ್ನು ನಾವು ಕೈಯಲ್ಲಿ ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಅಕ್ಷರಕ್ಕೆ ಮೊದಲು. ಹಳೆಯ ಫಾಂಟುಗಳು ಬರೆಯುವ ಕ್ರಮದಲ್ಲಿ ಉಳಿಸಿದವು, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಉಳಿಸುತ್ತದೆ. ಪರಿವರ್ತಕವು ಆ 'ರ್' ಅನ್ನು ಎತ್ತಿ ಹಿಂದಿಡಬೇಕು. ಅದು ತಪ್ಪಿದರೆ ಪಾರ್ವತಿ ಪಾವರ್ತಿಯಾಗುತ್ತಾಳೆ.

ಬೇರೆ ಪರಿವರ್ತಕ ಹುಡುಕಿದೆ, ಅರ್ಕಾವೊತ್ತು ಸರಿಹೋಯಿತು. ಆದರೆ ಅಪ್ಪ ನಡುವೆ ಬರೆದಿದ್ದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸಿತ್ತು. ಇಸವಿಗಳಲ್ಲಿ ಇನ್ನೊಂದು ತೊಂದರೆ. ಅಪ್ಪ ಕನ್ನಡ ಅಂಕಿಯ ಸೊನ್ನೆ ಬೇಕಾದಲ್ಲೆಲ್ಲ ಅನುಸ್ವಾರ ಒತ್ತಿದ್ದರು. ಎರಡೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇಸವಿ ಹುಡುಕಿದರೆ ಸಿಗುತ್ತಿರಲಿಲ್ಲ.

ಇಷ್ಟಾದಾಗ ನನ್ನ ವೃತ್ತಿಯ ಬುದ್ಧಿ ಎದ್ದಿತು. ಒಂದೊಂದೇ ತಿದ್ದುವುದೇಕೆ, 'ರೀಪ್ಲೇಸ್ ಆಲ್' ಇದೆಯಲ್ಲ! 'ಮಳೆಗಾಲಕ್ಕೆ ಮೊದಲು ಗೊರಬು ಸಿದ್ಧವಾಗಬೇಕು' ಎಂಬ ಸಾಲು ಕಂಡಿತು. ಗೊಬ್ಬರ ಎಂದಿರಬೇಕು, ಪರಿವರ್ತಕ ಕೆಡಿಸಿದೆ ಎಂದುಕೊಂಡು ಹನ್ನೊಂದು ಫೈಲಿನಲ್ಲೂ 'ಗೊರಬು' ಇದ್ದಲ್ಲೆಲ್ಲ 'ಗೊಬ್ಬರ' ಮಾಡಿಬಿಟ್ಟೆ.

ಆ ರಾತ್ರಿ ಫೋನಿನಲ್ಲಿ ಅಪ್ಪನಿಗೆ ಓದಿ ಹೇಳುತ್ತಿದ್ದೆ. 'ಹೆಂಗಸರು ಗೊಬ್ಬರ ಹೊದ್ದು ನಾಟಿಗೆ ಇಳಿಯುತ್ತಿದ್ದರು' ಎನ್ನುತ್ತಿದ್ದಂತೆ ಆ ಕಡೆಯಿಂದ ನಗು. "ಗೊಬ್ಬರ ಹೊದ್ಕೊಂಡು ಯಾರು ಗದ್ದೆಗೆ ಹೋಗ್ತಾರೆ ಮಾರಾಯ? ಅದು ಗೊರಬು."

ಬಿದಿರಿನ ಹಂದರಕ್ಕೆ ಎಲೆ ಹೊದಿಸಿ ಹೆಣೆದದ್ದು, ತಲೆಯಿಂದ ಬೆನ್ನಿನವರೆಗೆ ಕವಿಚಿಕೊಳ್ಳುವುದು, ಬಗ್ಗಿ ನಾಟಿ ಮಾಡುವಾಗ ಮಳೆ ತಾಗದು, ಎರಡೂ ಕೈ ಬಿಡುವಾಗಿರುತ್ತದೆ ಎಂದು ವಿವರಿಸಿದರು. ನಾನು ಸಾಗರದ ಪೇಟೆಯಲ್ಲಿ ಓದಿ ಬೆಳೆದವನು. ಮನೆಯ ಅಟ್ಟದಲ್ಲಿ ಅದನ್ನು ನೋಡಿದ್ದೆ, ಹೆಸರು ಕೇಳಿರಲಿಲ್ಲ. ನಾನು ಅಳಿಸಿದ್ದು ತಪ್ಪನ್ನಲ್ಲ, ಅಪ್ಪ ಉಳಿಸಲು ಹೊರಟಿದ್ದ ಪದವನ್ನೇ.

ಓಲೆಗರಿಯ ಕಾಲದಲ್ಲಿ ಪ್ರತಿ ಮಾಡುವವರು ತಮಗೆ ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದಿ, ಮುಂದಿನ ವಿದ್ವಾಂಸರಿಗೆ ಪಾಠಾಂತರದ ತಲೆನೋವು ತಂದಿಟ್ಟರು ಎಂದು ಓದಿದ್ದೆ. ನಾನು ಮಾಡಿದ್ದೂ ಅದೇ. ಅವರು ಒಂದು ಗರಿಯಲ್ಲಿ ಮಾಡುತ್ತಿದ್ದ ತಪ್ಪನ್ನು ನಾನು ಒಂದೇ ಒತ್ತಿನಲ್ಲಿ 140 ಪುಟಕ್ಕೆ ಹರಡಿದೆ. ಪುಣ್ಯಕ್ಕೆ ಮೂಲ ಫೈಲುಗಳನ್ನು ಮುಟ್ಟಿರಲಿಲ್ಲ. ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ.

ನಿಮ್ಮಲ್ಲೂ ಇದ್ದರೆ

ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದ್ ಎಲ್ಲಿದ್ದರೂ ನಿಮ್ಮ ಮನೆಯ ಕಪಾಟಿನಲ್ಲೋ ಸಂಘದ ಬೀರುವಿನಲ್ಲೋ ಇಂಥ ಸಿಡಿ, ಪೆನ್ ಡ್ರೈವ್ ಇರಬಹುದು. ಸ್ಮರಣ ಸಂಚಿಕೆ, ನಾಟಕದ ಪ್ರತಿ, ಹಿರಿಯರ ನೆನಪುಗಳು. ನಾನು ಎಡವಿ ಕಲಿತದ್ದು ಇಷ್ಟು:

1. ಮೊದಲು ಫೈಲುಗಳ ಪ್ರತಿ ಮಾಡಿ. 'ಕಟ್' ಮಾಡಬೇಡಿ, 'ಕಾಪಿ' ಮಾಡಿ. ಪ್ರತಿಯನ್ನು ತೆರೆದು ನೋಡಿ. ಪೆನ್ ಡ್ರೈವನ್ನು 'ಇಜೆಕ್ಟ್' ಕೊಟ್ಟೇ ತೆಗೆಯಿರಿ. ಮೂಲಕ್ಕೆ ಕೈ ಹಚ್ಚಬೇಡಿ.

2. ಫಾಂಟಿನ ಹೆಸರು ನೋಡಿ. 'ನುಡಿ' ಎಂದಿದ್ದರೆ ನುಡಿ, 'ಬಿಆರ್‌ಎಚ್' ಎಂದಿದ್ದರೆ ಬರಹ, 'ಶ್ರೀ' ಎಂದಿದ್ದರೆ ಶ್ರೀಲಿಪಿ. ಅಚ್ಚುಮನೆಗಳಲ್ಲಿ ಬಹಳ ಬಳಕೆಯಾದ ಶ್ರೀಲಿಪಿ ನಮ್ಮ ಪುಣೆಯದೇ ಕಂಪನಿಯದು. ಅದರ ಒಳಗಿನ ಜೋಡಣೆ ಬೇರೆ, ನುಡಿಯ ಪರಿವರ್ತಕ ಅದಕ್ಕೆ ಆಗದು.

3. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಒಂದು ಪಿಡಿಎಫ್ ಮಾಡಿಟ್ಟುಕೊಳ್ಳಿ. ಮೂಲದಲ್ಲಿ ಏನಿತ್ತು ಎಂದು ನೋಡಲು ಅದು ಸಾಕ್ಷಿ. ಆದರೆ ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಲು ಹೋಗಬೇಡಿ. ಅದು ಆಕಾರಗಳನ್ನು ಪುಟದ ಮೇಲೆ ಜೋಡಿಸಿಟ್ಟ ವ್ಯವಸ್ಥೆ. ಒತ್ತಕ್ಷರಗಳು ಹೆಚ್ಚಾಗಿ ಚೂರಾಗಿ ಬರುತ್ತವೆ. ಪಿಡಿಎಫ್ ಮಾತ್ರ ಉಳಿದಿದ್ದರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಚಿತ್ರ ನೋಡಿ ಕನ್ನಡ ಅಕ್ಷರ ಗುರುತಿಸುವ ಸೌಲಭ್ಯ ಅದರಲ್ಲಿದೆ.

4. ಮೊದಲು ಒಂದು ಪುಟ ಮಾತ್ರ ಪರಿವರ್ತಿಸಿ. ಅರ್ಕಾವೊತ್ತು, ಸೊನ್ನೆ, ಇಂಗ್ಲಿಷ್ ಪದಗಳನ್ನು ನೋಡಿ. ಸರಿಯಿದ್ದರೆ ಮುಂದುವರಿಯಿರಿ.

5. 'ರೀಪ್ಲೇಸ್ ಆಲ್' ಒತ್ತುವ ಮೊದಲು ನನ್ನ ಗೊಬ್ಬರ ನೆನಪಿಸಿಕೊಳ್ಳಿ.

6. ಬರೆದವರಿಗೋ ಆ ಊರು ಬಲ್ಲವರಿಗೋ ಓದಿ ಕೇಳಿಸಿ. ಇದನ್ನು ಮಾಡಿಕೊಡುವ ತಂತ್ರಾಂಶ ಇಲ್ಲ.

ಕೊನೆಯದೇ ಎಲ್ಲಕ್ಕಿಂತ ಅವಸರದ್ದು. ಪರಿವರ್ತಕ ನಾಳೆ ಇನ್ನೂ ಚೆನ್ನಾಗಿ ಬರಬಹುದು. 'ಗೊರಬು' ತಪ್ಪಲ್ಲ ಎಂದು ಹೇಳುವವರು ನಾಳೆಯೂ ಇರುತ್ತಾರೆ ಎಂದು ಹೇಳಲಾಗದು.

ನಾವು ದಿನಾ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಓದಿದೆವು. ದೀಪಾವಳಿಗೆ ಊರಿಗೆ ಹೋಗುವ ಹೊತ್ತಿಗೆ ಎಂಟು ಫೈಲು ಮುಗಿದಿತ್ತು. ಯೂನಿಕೋಡಿಗೆ ಬಂದದ್ದರಿಂದ ಇನ್ನೊಂದು ಲಾಭವಾಯಿತು. ನುಡಿಯ ಫೈಲನ್ನು ಫೋನ್ ಗಟ್ಟಿಯಾಗಿ ಓದಲಾರದು, ಅದಕ್ಕೆ ಅದು ಬರೀ ಪಿ, ಎ, ಪೌಂಡು. ಈಗ ಓದುತ್ತದೆ. ಅಪ್ಪನ ಫೋನಿನಲ್ಲಿ ಆ ಸೌಲಭ್ಯ ಹಾಕಿಕೊಟ್ಟು, ಅಜ್ಜಿಯ ಭಾಗ ತೆರೆದು ಜಗಲಿಯಲ್ಲಿ ಇಟ್ಟೆ. ಫೋನಿನ ಒಣ ದನಿ ಓದತೊಡಗಿತು. ಕಣ್ಣಿಗೆ ತೊಂದರೆಯಾದ ಮೇಲೆ ಅಪ್ಪ ತಾವು ಬರೆದದ್ದನ್ನು ಯಾರ ಸಹಾಯವೂ ಇಲ್ಲದೆ ಕೇಳಿದ್ದು ಅದೇ ಮೊದಲು.

ಪೂರ್ತಿ ಕೇಳಿ, "ಓದೋ ರೀತಿ ಏನೂ ಚಂದ ಇಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಗೊರಬು ಮಾತ್ರ ಸರಿಯಾಗಿ ಹೇಳ್ತು" ಎಂದರು.

ಇನ್ನು ಮೂರು ಫೈಲು ಉಳಿದಿವೆ.