ಬೆಳೆ ನಮ್ಮದು, ಲೆಕ್ಕ ಯಾರದು?



ಬಾದಾಮಿಯ ಬಳಿ ಚೊಳಚಗುಡ್ಡದ ಬನಶಂಕರಿ ಜಾತ್ರೆಯಲ್ಲಿ ಎತ್ತು ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತು ವ್ಯಾಪಾರ ಮುಗಿಸುತ್ತಾರೆ. ಬೆಲೆ ಒಪ್ಪಿಗೆಯಾಗದಿದ್ದರೆ ಎತ್ತನ್ನು ಊರಿಗೆ ಹೊಡೆದುಕೊಂಡು ಹೋಗಬಹುದು. ಮಾಲು ಸಮುದ್ರ ದಾಟಿದ ಮೇಲೆ ಬೆಲೆ ತಿಳಿಯುವ ಬೆಳೆಗಾರನಿಗೆ ಈ ಅನುಕೂಲವಿಲ್ಲ.

ಇದಕ್ಕೆ ಹಳೆಯ ಉದಾಹರಣೆ ಅಮೆರಿಕದ ವರ್ಜೀನಿಯ. 18ನೇ ಶತಮಾನದಲ್ಲಿ ಅಲ್ಲಿನ ದೊಡ್ಡ ತೋಟಗಾರರು ಗುಲಾಮರ ದುಡಿಮೆಯಿಂದ ಬೆಳೆದ ಹೊಗೆಸೊಪ್ಪನ್ನು ಪೀಪಾಯಿಗಳಲ್ಲಿ ತುಂಬಿ ಲಂಡನ್ ವರ್ತಕನಿಗೆ ಕಳುಹಿಸುತ್ತಿದ್ದರು. ಮಾರಾಟವಾಗುವವರೆಗೆ ಮಾಲು ತೋಟಗಾರನದೇ. ಬೆಲೆ ಬಿದ್ದರೆ ನಷ್ಟವೂ ಅವನದೇ. ವರ್ತಕನು ಹಡಗಿನ ಬಾಡಿಗೆ, ಸುಂಕ, ಕಮಿಷನ್ ಕಳೆದು ಉಳಿದದ್ದನ್ನು ಜಮಾ ಮಾಡುತ್ತಿದ್ದ. ತೋಟಗಾರ ಕೇಳಿದ ಬಟ್ಟೆಬರೆ, ಸಲಕರಣೆ ಕೊಂಡು ಕಳುಹಿಸುತ್ತಿದ್ದ. ಹಣ ಕಡಿಮೆಬಿದ್ದರೆ ಸಾಲವೆಂದು ಬರೆಯುತ್ತಿದ್ದ. ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ನನೂ ಲಂಡನ್ನಿನ ರಾಬರ್ಟ್ ಕೇರಿ ಕಂಪನಿಗೆ ಹೀಗೆ ಸಾಲಗಾರನಾದ. 1760ರ ದಶಕದಲ್ಲಿ ಆತ ಹೊಗೆಸೊಪ್ಪು ಬಿಟ್ಟು, ಹತ್ತಿರದಲ್ಲೇ ಮಾರಬಹುದಾದ ಗೋಧಿಗೆ ತಿರುಗಿದ.

ನಮ್ಮ ಕಾಫಿಯೂ ಇದೇ ದಾರಿ ತುಳಿಯಿತು. 19ನೇ ಶತಮಾನದಲ್ಲಿ ಚಿಕ್ಕಮಗಳೂರು, ಮಂಜರಾಬಾದ್, ಕೊಡಗಿನ ತೋಟಗಳಿಂದ ಪಾರ್ಚ್‌ಮೆಂಟ್ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು, ಮಂಗಳೂರು ಮೊದಲಾದ ಕರಾವಳಿ ಪಟ್ಟಣಗಳಲ್ಲಿ ಸಂಸ್ಕರಣಗೊಂಡು ಲಂಡನ್ನಿಗೆ ಹೋಗುತ್ತಿತ್ತು. ‘ಕ್ಯಾನನ್ಸ್ ಮೈಸೂರು’ ಎಂಬ ಗುರುತಿನ ಕಾಫಿಗೆ ಅಲ್ಲಿ ವಿಶೇಷ ಬೆಲೆಯಿತ್ತು. ಮುಂಗಡ ಕೊಟ್ಟ ಕಂಪನಿಗಳ ಕೈಗೆ ಫಸಲು ಸೇರಬೇಕಾಗಿತ್ತು. 1890ರ ದಶಕದ ಕೊನೆಗೆ ಬ್ರೆಜಿಲ್ ಕಾಫಿ ಹೇರಳವಾಗಿ ಬಂದು ಬೆಲೆ ಕುಸಿದಾಗ ಅನೇಕ ತೋಟಗಳು ಹಾಳುಬಿದ್ದವು. ಬೆಲೆ ಇಳಿಯಿತೆಂದು ಸಾಲ ಇಳಿಯಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದ ಮೇಲೆ 1942ರ ಕಾಫಿ ಕಾಯ್ದೆಯ ಪೂಲ್ ಪದ್ಧತಿ ನೆಲೆಯೂರಿತು. ಹಣ ಕಂತುಕಂತಾಗಿ, ತಡವಾಗಿ ಬರುತ್ತದೆಂಬ ದೂರಿದ್ದರೂ, ಸಣ್ಣವನ ಕಾಫಿಗೂ ದೊಡ್ಡವನ ಕಾಫಿಗೂ ಒಂದೇ ಅಳತೆಯ ಪಾಯಿಂಟ್ ಲೆಕ್ಕವಿತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅಡಿಕೆಯಲ್ಲಾದರೋ ಬೆಲೆ ಕುಸಿತದ ಪೆಟ್ಟು ತಿಂದ ಬೆಳೆಗಾರರೇ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು.

ಇಂದು ಅರೇಬಿಕಾ ದರ ನ್ಯೂಯಾರ್ಕಿನಲ್ಲಿ, ರೊಬಸ್ಟಾ ದರ ಲಂಡನ್ನಿನಲ್ಲಿ ಏರಿಳಿಯುತ್ತದೆ. ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಮೂರು:

1. ತೂಕ, ತೇವಾಂಶ, ಔಟ್‌ಟರ್ನ್ ನಮ್ಮ ಕಣ್ಣೆದುರಿಗೇ ನೋಡಿಸಿ ಚೀಟಿ ಪಡೆಯುವುದು. ವರ್ಜೀನಿಯದಲ್ಲೂ 1730ರ ಕಾಯ್ದೆ ಬಂದ ಮೇಲೆ ಸಾರ್ವಜನಿಕ ಗೋದಾಮಿನಲ್ಲಿ ತಪಾಸಣೆಯಾಗಿ ರಸೀದಿ ಸಿಗತೊಡಗಿತು. ಆ ರಸೀದಿ ಹಣದಂತೆಯೇ ಚಲಾವಣೆಯಾಯಿತು.
2. ಫಸಲು ಕೊಡಲೇಬೇಕೆಂಬ ಕರಾರಿನ ಮುಂಗಡಕ್ಕೆ ಕೈಯೊಡ್ಡದಿರುವುದು. ಸಾಲ ಕೊಟ್ಟವನೇ ಕೊಳ್ಳುವವನೂ ಆದರೆ ದರ ಕೇಳುವ ಬಾಯಿ ಕಟ್ಟಿಹೋಗುತ್ತದೆ.
3. ಮಾರಾಟದ ಪಟ್ಟಿಯಲ್ಲಿ ಪ್ರತಿಯೊಂದು ಕಡಿತಕ್ಕೂ ವಿವರ ಕೇಳುವುದು.

ಈ ಮೂರನೆಯದು ನಮ್ಮ ಸಂಘಕ್ಕೂ ಅನ್ವಯಿಸುತ್ತದೆ. ಸದಸ್ಯರು ಕಚೇರಿಗೆ ಬಂದು ತಮ್ಮ ಪಟ್ಟಿ ಕೇಳಿದರೆ ನಾವು ಸಂತೋಷದಿಂದ ತೋರಿಸುತ್ತೇವೆ.