ಎಣ್ಣೆ ಎಷ್ಟು ಬಿಸಿಯಿರಬೇಕು? ಸಣ್ಣ ವಿಮಾನದ ಎಂಜಿನ್ನಿನ ಒಳಗುಟ್ಟು

ತರಬೇತಿ ಶಾಲೆಗಳಲ್ಲಿ ಹೆಚ್ಚಾಗಿ ಕಾಣುವ ಸೆಸ್ನಾ 172 ವಿಮಾನದ ಎಂಜಿನ್ನಿಗೆ ಕಾರಿಗಿರುವಂತೆ ರೇಡಿಯೇಟರ್ ಇಲ್ಲ. ಎದುರಿನಿಂದ ನುಗ್ಗುವ ಗಾಳಿಯೇ ಸಿಲಿಂಡರುಗಳ ಮೈಮೇಲಿನ ತೆಳು ಲೋಹದ ಪಟ್ಟಿಗಳ ನಡುವೆ ಹಾದು ಅವುಗಳ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಪಿಸ್ಟನ್ನಿನ ಒಳಮೈ, ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳು, ಎಕ್ಸಾಸ್ಟ್ ವಾಲ್ವಿನ ದಂಡ ಇವೆಲ್ಲ ಗಾಳಿಗೆ ನಿಲುಕುವುದಿಲ್ಲ. ಅಲ್ಲಿ ಹುಟ್ಟುವ ಶಾಖವನ್ನು ಹೊರತರುವುದು ಎಂಜಿನ್ ಎಣ್ಣೆ. ಸವೆತ ತಡೆಯುವುದು ಅದರ ಒಂದು ಕೆಲಸವಾದರೆ ತಂಪು ಮಾಡುವುದು ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ.

172ಎಸ್ ಮಾದರಿಯಲ್ಲಿರುವುದು ಅಮೆರಿಕದ ಲೈಕಮಿಂಗ್ ಕಂಪನಿಯ ನಾಲ್ಕು ಸಿಲಿಂಡರಿನ, 180 ಅಶ್ವಶಕ್ತಿಯ ಎಂಜಿನ್. ಅದರ ತಳದ ಸಂಪ್‌ನಲ್ಲಿ 8 ಕ್ವಾರ್ಟ್, ಅಂದರೆ ಸುಮಾರು ಏಳೂವರೆ ಲೀಟರ್ ಎಣ್ಣೆ ಹಿಡಿಯುತ್ತದೆ. ಪಂಪು ಈ ಎಣ್ಣೆಯನ್ನು ಮೇಲೆತ್ತಿ ಕೂಲರ್ ಮತ್ತು ಫಿಲ್ಟರ್‌ಗಳ ಮೂಲಕ ಬೇರಿಂಗುಗಳ ಕಡೆ ತಳ್ಳುತ್ತದೆ. ಕೆಲಸ ಮುಗಿಸಿದ ಎಣ್ಣೆ ತೊಟ್ಟಿಕ್ಕುತ್ತಾ ಮತ್ತೆ ಸಂಪ್ ಸೇರುತ್ತದೆ. ಉಷ್ಣತೆ ಅಳೆಯುವ ಸೆನ್ಸರ್ ಇರುವುದು ಕೂಲರ್ ದಾಟಿದ ಮೇಲೆ, ಎಣ್ಣೆ ಎಂಜಿನ್ನಿನ ಒಳಭಾಗ ಹೊಗುವ ಮೊದಲು. ಹಾಗಾಗಿ ಪೈಲಟ್ ಮುಂದಿನ ಮುಳ್ಳು ತೋರಿಸುವುದು ಇಡೀ ಸುತ್ತಿನಲ್ಲಿ ಎಣ್ಣೆ ಹೆಚ್ಚುಕಡಿಮೆ ಅತಿ ತಂಪಾಗಿರುವ ಜಾಗದ ಅಳತೆಯನ್ನು. ಪಿಸ್ಟನ್ ಮತ್ತು ಬೇರಿಂಗುಗಳ ಬಳಿ ಅದೇ ಎಣ್ಣೆ ಇನ್ನೂ ಎಷ್ಟೋ ಡಿಗ್ರಿ ಬಿಸಿಯಾಗಿರುತ್ತದೆ. ಮುಳ್ಳನ್ನು ಓದುವಾಗ ಇದನ್ನು ಮರೆಯಬಾರದು.

ಕೂಲರಿಗೆ ಎಣ್ಣೆ ಯಾವಾಗ ಹೋಗಬೇಕೆಂದು ತೀರ್ಮಾನಿಸುವುದು ಶಾಖಕ್ಕೆ ಹಿಗ್ಗುವ ಒಂದು ಪುಟ್ಟ ವಾಲ್ವ್. ಎಣ್ಣೆ ತಣ್ಣಗಿರುವಾಗ ಅದು ಅಡ್ಡದಾರಿಯನ್ನು ತೆರೆದಿಟ್ಟು ಎಣ್ಣೆ ಕೂಲರನ್ನು ತಪ್ಪಿಸಿ ಹೋಗಲು ಬಿಡುತ್ತದೆ. ಬಿಸಿಯೇರುತ್ತಾ ಹಿಗ್ಗಿ, 85 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಆ ದಾರಿಯನ್ನು ಪೂರ್ತಿ ಮುಚ್ಚುತ್ತದೆ. ಆಗ ಎಣ್ಣೆ ಕೂಲರಿನ ಮೂಲಕವೇ ಹಾಯಬೇಕು. ಈ ವಾಲ್ವನ್ನು ತಿರುಗಿಸಲು ಕಾಕ್‌ಪಿಟ್‌ನಲ್ಲಿ ಯಾವ ಗುಂಡಿಯೂ ಇಲ್ಲ. ಪೈಲಟ್ ಕೈಯಲ್ಲಿರುವುದು ಎಂಜಿನ್ನಿನ ಶಕ್ತಿ, ಇಂಧನ ಮಿಶ್ರಣ ಮತ್ತು ವಿಮಾನದ ವೇಗ ಮಾತ್ರ.

ಬೆಚ್ಚಗಿನ ಹವೆಯಲ್ಲಿ ಎಣ್ಣೆ 82 ಡಿಗ್ರಿಯ ಸುತ್ತಮುತ್ತ ಇದ್ದರೆ ಒಳ್ಳೆಯದು, 118 ದಾಟಲೇಬಾರದು ಎಂದು ಲೈಕಮಿಂಗ್ ಹೇಳುತ್ತದೆ. ಮಾಪಕದಲ್ಲಿ 118ರ ಬಳಿ ಕೆಂಪು ಗೆರೆ ಇರುತ್ತದೆ. 172ಎಸ್‌ನ ಮಾಪಕದಲ್ಲಿ ಮಾಮೂಲು ಬಿಸಿಯನ್ನು ಸೂಚಿಸುವ ಹಸಿರು ಪಟ್ಟಿ ಮಾತ್ರ 38 ಡಿಗ್ರಿಯಿಂದಲೇ ಶುರುವಾಗುತ್ತದೆ. ಹಸಿರಿನೊಳಗಿದೆ ಎಂಬ ಕಾರಣಕ್ಕೆ 45 ಡಿಗ್ರಿಯೂ 82 ಡಿಗ್ರಿಯೂ ಎಂಜಿನ್ನಿಗೆ ಒಂದೇ ಎಂದು ತಿಳಿಯುವುದು ತಪ್ಪು.

ಬಿಸಿ ಮಿತಿಮೀರಿದರೆ ಎಣ್ಣೆ ತೆಳ್ಳಗಾಗಿ ಒತ್ತಡ ಇಳಿಯುತ್ತದೆ, ಲೋಹಗಳ ನಡುವಿನ ಎಣ್ಣೆಯ ಪದರ ಕಡಿದುಹೋಗುತ್ತದೆ. ಬಹುಕಾಲ ಹಾಗೇ ನಡೆದರೆ ಎಣ್ಣೆಯೇ ಕೆಟ್ಟು ಜಿಡ್ಡುಗಸಿಯಾಗುತ್ತದೆ. ಬೇಸಿಗೆಯ ಮಧ್ಯಾಹ್ನ ಮೇಲೇರುವಾಗ ಈ ಅಪಾಯ ಹೆಚ್ಚು. ಆಗ ಎಂಜಿನ್ ಪೂರ್ತಿ ಶಕ್ತಿಯಲ್ಲಿ ದುಡಿಯುತ್ತಿರುತ್ತದೆ, ವೇಗ ಕಡಿಮೆಯಿದ್ದು ಕೂಲರಿಗೆ ಸಿಗುವ ಗಾಳಿಯೂ ಕಡಿಮೆ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಂತೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಕಡೆ ಗಾಳಿಯೂ ವಿರಳ. ವಿರಳ ಗಾಳಿ ಹೊರುವ ಶಾಖ ಕಡಿಮೆ. ಮುಳ್ಳು ಏರತೊಡಗಿದರೆ ಮೂಗನ್ನು ಸ್ವಲ್ಪ ತಗ್ಗಿಸಿ ವೇಗ ಹೆಚ್ಚಿಸುವುದು ಮೊದಲ ಮದ್ದು. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸಬಹುದು, ಶಕ್ತಿ ತಗ್ಗಿಸಬಹುದು. ಸೆಸ್ನಾ 182ರಂಥ ವಿಮಾನಗಳಲ್ಲಿ ಗಾಳಿ ಹೊರಹೋಗುವ ಬಾಗಿಲುಗಳನ್ನು ಅಗಲಿಸುವ ಅನುಕೂಲವೂ ಉಂಟು; 172ರಲ್ಲಿ ಅದಿಲ್ಲ.

ಉಷ್ಣತೆಯ ಮುಳ್ಳನ್ನು ಒಂಟಿಯಾಗಿ ನೋಡಿದರೆ ಅರ್ಧ ಸತ್ಯವಷ್ಟೇ ತಿಳಿಯುತ್ತದೆ. ಪಕ್ಕದ ಒತ್ತಡದ ಮುಳ್ಳನ್ನೂ ಸೇರಿಸಿ ಓದಬೇಕು. ಒತ್ತಡ ಕಡಿಮೆ ತೋರಿಸಿದರೂ ಉಷ್ಣತೆ ಮಾಮೂಲಿನಂತಿದ್ದರೆ ದೋಷ ಮಾಪಕದಲ್ಲೋ ಒತ್ತಡ ನಿಯಂತ್ರಿಸುವ ವಾಲ್ವಿನಲ್ಲೋ ಇರಬಹುದು. ಆದರೂ ಹತ್ತಿರದ ವಿಮಾನ ನಿಲ್ದಾಣದಲ್ಲಿ ಇಳಿದು ಪರೀಕ್ಷಿಸಬೇಕು. ಒತ್ತಡ ಕುಸಿದು ಉಷ್ಣತೆ ಏರುತ್ತಿದ್ದರೆ ತಡಮಾಡಲು ಎಡೆಯಿಲ್ಲ. ಎಣ್ಣೆ ಖಾಲಿಯಾಗುತ್ತಿರಬಹುದು, ಎಂಜಿನ್ ನಿಲ್ಲಲು ಹೆಚ್ಚು ಹೊತ್ತಿಲ್ಲ. ತಕ್ಷಣ ಶಕ್ತಿ ತಗ್ಗಿಸಿ, ಇಳಿಯಲು ಬಯಲು ಹುಡುಕಬೇಕು.

ಹೆಚ್ಚು ಬಿಸಿಯ ಬಗ್ಗೆ ಎಲ್ಲರಿಗೂ ಭಯವಿದೆ. ಕಡಿಮೆ ಬಿಸಿಯ ಬಗ್ಗೆ ಯಾರೂ ಅಷ್ಟು ಯೋಚಿಸುವುದಿಲ್ಲ, ಅದು ಮಾಡುವ ಹಾನಿ ಸದ್ದಿಲ್ಲದೆ ನಡೆಯುವುದರಿಂದ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೊರಹೋದರೂ, ಒಂದಿಷ್ಟು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಎಣ್ಣೆಗೆ ಸೇರುತ್ತದೆ. ಎಣ್ಣೆ ಚೆನ್ನಾಗಿ ಕಾದರೆ ಆ ನೀರು ಮತ್ತೆ ಆವಿಯಾಗಿ ಬ್ರೀದರ್ ಕೊಳವೆಯಿಂದ ಹೊರಬೀಳುತ್ತದೆ. ಕಾಯದಿದ್ದರೆ ಅಲ್ಲೇ ಉಳಿದು, ಉರಿದ ಪೆಟ್ರೋಲಿನ ಶೇಷಗಳ ಜೊತೆಗೂಡಿ ಆಮ್ಲವಾಗುತ್ತದೆ. ಲೈಕಮಿಂಗ್ ಎಂಜಿನ್ನುಗಳಲ್ಲಿ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟಿಗಿಂತ ಮೇಲಿರುವುದರಿಂದ ವಿಮಾನ ನಿಂತ ದಿನಗಳಲ್ಲಿ ಅದರ ಮೇಲಿನ ಎಣ್ಣೆ ಇಳಿದುಹೋಗುತ್ತದೆ. ತುಕ್ಕು ಮೊದಲು ಹಿಡಿಯುವ ಜಾಗಗಳಲ್ಲಿ ಅದೂ ಒಂದು. ಬಹಳ ದಿನ ಹಾರದ ವಿಮಾನವನ್ನು ಆಗಾಗ ನೆಲದ ಮೇಲೆ ಹತ್ತು ನಿಮಿಷ ಚಾಲೂ ಮಾಡಿ ನಿಲ್ಲಿಸುವ ರೂಢಿ ಹಲವೆಡೆ ಇದೆ. ಸದುದ್ದೇಶದ ಈ ರೂಢಿಯನ್ನು ಬಿಡುವುದೇ ಒಳಿತು: ಅಷ್ಟರಲ್ಲಿ ಹೊಸ ನೀರು ಎಣ್ಣೆಗೆ ಸೇರುತ್ತದೆಯೇ ಹೊರತು ಹಳೆಯದು ಆರುವುದಿಲ್ಲ. ಕರಾವಳಿಯ ಮಳೆಗಾಲದಂಥ ತೇವದ ಹವೆಯಲ್ಲಂತೂ ಇದು ಇನ್ನೂ ಕೆಟ್ಟದ್ದು. ಎಣ್ಣೆಗೆ ಬೇಕಿರುವುದು ಸರಿಯಾದ ಬಿಸಿಯಲ್ಲಿ ಕನಿಷ್ಠ ಅರ್ಧ ಗಂಟೆಯ ನಿಜವಾದ ಹಾರಾಟ.

ಕೆನಡಾ, ಅಲಾಸ್ಕಾಗಳಂಥ ಹಿಮದ ನಾಡುಗಳ ಕಷ್ಟ ಬೇರೆ. ಅಲ್ಲಿ ಚಾಲೂ ಮಾಡುವ ಮೊದಲೇ ಎಂಜಿನ್ನನ್ನು ಹೊರಗಿನಿಂದ ಕಾಯಿಸಬೇಕು. ಸಾಮಾನ್ಯ ಎಂಜಿನ್ನುಗಳಿಗೆ ಲೈಕಮಿಂಗ್ ಹಾಕಿರುವ ಗಡಿ ಮೈನಸ್ 12 ಡಿಗ್ರಿ. ಬ್ರೀದರ್ ಕೊಳವೆಯ ತುದಿಯಲ್ಲಿ ಆವಿ ಹೆಪ್ಪುಗಟ್ಟಿ ಬಾಯಿ ಮುಚ್ಚಿದರೆ ಒಳಗಿನ ಒತ್ತಡ ಹೆಚ್ಚಿ, ಪ್ರೊಪೆಲರ್ ಹಿಂದಿನ ಸೀಲ್ ಕಿತ್ತು ಎಣ್ಣೆಯೆಲ್ಲ ಹೊರಚೆಲ್ಲಬಹುದು. ಅದಕ್ಕೇ ಕೊಳವೆಯ ಬೆಚ್ಚಗಿನ ಭಾಗದಲ್ಲಿ ಇನ್ನೊಂದು ಕಿಂಡಿ ಕೊರೆದಿರುತ್ತಾರೆ. ಇನ್ನೊಂದು ವಿಚಿತ್ರವೂ ಉಂಟು. ಚಳಿಗಾಲದ ಕೊಬ್ಬರಿ ಎಣ್ಣೆಯಂತೆ ಕೂಲರಿನೊಳಗೆ ಎಣ್ಣೆ ಗಟ್ಟಿಯಾದರೆ ಹೊಸ ಎಣ್ಣೆ ಅದರೊಳಗೆ ಹರಿಯಲಾರದು; ತಂಪಾಗದ ಎಣ್ಣೆ ಸುತ್ತುತ್ತಾ, ಕೊರೆಯುವ ಚಳಿಯಲ್ಲೂ ಮುಳ್ಳು ಮೇಲೇರುತ್ತದೆ. ಇಂಥ ಹವೆಯಲ್ಲಿ ಗಾಳಿಯ ಕಿಂಡಿಗಳನ್ನು ಭಾಗಶಃ ಮುಚ್ಚುವ ತಗಡುಗಳನ್ನು ಸೆಸ್ನಾ ಒದಗಿಸುತ್ತದೆ.

ಎಣ್ಣೆಯ ಆಯ್ಕೆಯೂ ಹವೆಗೆ ತಕ್ಕಂತೆ ಇರಬೇಕು. 16 ಡಿಗ್ರಿಗಿಂತ ಬೆಚ್ಚಗಿರುವಲ್ಲಿ ಮಂದವಾದ ಎಸ್‌ಎಇ 50, ಅದಕ್ಕಿಂತ ತಂಪಾದಲ್ಲಿ 40 ಅಥವಾ 30. 15ಡಬ್ಲ್ಯು-50ರಂಥ ಮಲ್ಟಿಗ್ರೇಡ್ ಎಣ್ಣೆಗಳು ಚಳಿ, ಸೆಕೆ ಎರಡಕ್ಕೂ ಹೊಂದುತ್ತವೆ.

ಒಂದು ಎಂಜಿನ್ನಿನ ಅಂಕಿಗಳು ಇನ್ನೊಂದಕ್ಕೆ ಸಲ್ಲುವುದಿಲ್ಲ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ (ಎನ್‌ಎಎಲ್) ರೂಪಿಸಿದ, 2021ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಹಾರಿದ ಹಂಸ-ಎನ್‌ಜಿ ವಿಮಾನದಲ್ಲಿರುವುದು ಆಸ್ಟ್ರಿಯಾದ ರೋಟಾಕ್ಸ್ 912 ಸರಣಿಯ ಎಂಜಿನ್. ಅದರ ಸಿಲಿಂಡರ್ ತಲೆಗಳನ್ನು ದ್ರವ ತಂಪಾಗಿಸುತ್ತದೆ, ಎಣ್ಣೆ ಬೇರೆಯೇ ತೊಟ್ಟಿಯಲ್ಲಿರುತ್ತದೆ. ಈ ಎಂಜಿನ್ನಿನ ಎಣ್ಣೆ ಟೇಕಾಫ್‌ಗೆ ಮೊದಲು 50 ಡಿಗ್ರಿ ಮುಟ್ಟಬೇಕು, ಹಾರಾಟದಲ್ಲಿ 90ರಿಂದ 110ರ ನಡುವೆ ಇರಬೇಕು, ಮೇಲ್ಮಿತಿ 130. ಒಳಗಿನ ನೀರು ಆರಲು ಹಾರಾಟದ ದಿನ ಒಮ್ಮೆಯಾದರೂ 100 ಡಿಗ್ರಿ ತಲುಪಬೇಕು.

ಪ್ರತಿ ಹಾರಾಟದಲ್ಲೂ ಮುಳ್ಳು ಮೇಲೆಯೇ ನಿಲ್ಲುತ್ತಿದ್ದರೆ ಕಾರಣವನ್ನು ನೆಲದ ಮೇಲೆ ಹುಡುಕಬೇಕು. ಎಣ್ಣೆಯ ಮಟ್ಟ ಕಡಿಮೆಯಿರಬಹುದು, ಕೂಲರಿನ ಸಂದುಗಳಲ್ಲಿ ಹುಳು-ಧೂಳು ಸೇರಿರಬಹುದು, ಗಾಳಿಯನ್ನು ಸಿಲಿಂಡರುಗಳತ್ತ ತಿರುಗಿಸುವ ರಬ್ಬರ್ ಪಟ್ಟಿಗಳು ಹರಿದಿರಬಹುದು, ಅಡ್ಡದಾರಿಯ ವಾಲ್ವ್ ಸವೆದು ಪೂರ್ತಿ ಮುಚ್ಚದಿರಬಹುದು. ಸವೆದ ಪಿಸ್ಟನ್ ರಿಂಗುಗಳ ಮೂಲಕ ನುಗ್ಗುವ ಬಿಸಿ ಅನಿಲವೂ ಎಣ್ಣೆಯನ್ನು ಕಾಯಿಸುತ್ತದೆ. ದುಬಾರಿ ಭಾಗಗಳಿಗೆ ಕೈಹಾಕುವ ಮುನ್ನ ಮಾಪಕ ನಿಜ ಹೇಳುತ್ತಿದೆಯೇ ಎಂದು ನೋಡುವುದು ಜಾಣತನ. ಸೆನ್ಸರನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿದರೆ ಸಮುದ್ರಮಟ್ಟದಲ್ಲಿ ಅದು 100 ಡಿಗ್ರಿ ತೋರಿಸಬೇಕು. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಅಲ್ಲಿ 97 ತೋರಿಸಿದರೆ ಮಾಪಕ ಸರಿಯಾಗಿದೆ ಎಂದರ್ಥ.